ಪ್ರಶ್ನೆ ಕೇಳೋಕೆ ಬರುತ್ತೆ, ಉತ್ತರ ಕೇಳಿಸ್ಕೊಳ್ಳೋಕೆ ಬರಲ್ಲ: ಎಐ ಇಂಟರ್ವ್ಯೂ ಸರ್ವೀಸ್ ನಾಲ್ಕು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳ್ಬಿಡ್ತೀನಿ, ಕಂಪನಿ ಹೆಸರು ಬರೆಯಲ್ಲ. ಹೆಸರು ಹಾಕಿದ್ರೆ ಅವರ ಸೇಲ್ಸ್ ಹುಡುಗ ಮತ್ತೆ ಫೋನ್ ಶುರು ಮಾಡ್ತಾನೆ, "ಸರ್ ಒಂದು ಹತ್ತು ನಿಮಿಷ ಮೀಟಿಂಗ್ ಹಾಕೊಳ್ಳೋಣ್ವಾ" ಅಂತ, ಅದನ್ನ ನಿಲ್ಸೋಕೇ ನನಗೆ ಎರಡು ವಾರ ಬೇಕಾಗಿತ್ತು. ಅಲ್ಲದೆ ಈ ಥರದ ಸರ್ವೀಸ್ ಈಗ ಬೇಕಾದಷ್ಟು ಇವೆ, ಒಳಗಡೆ ಹೆಚ್ಚುಕಡಿಮೆ ಎಲ್ಲದೂ ಒಂದೇ ಥರ, ಹಾಗಾಗಿ ನೀವು ಯಾವುದನ್ನ ತಗೊಂಡ್ರೂ ಇದರಲ್ಲಿ ಅರ್ಧಕ್ಕರ್ಧ ನಿಮಗೂ ಅನ್ವಯ ಆಗುತ್ತೆ ಅನ್ಕೊಂಡಿದೀನಿ.

ನಮ್ಮದು ದಾವಣಗೆರೆಲಿ ಸಣ್ಣ ಆಫೀಸು, ನಾನು ಮತ್ತೆ ನಮ್ಮ ಭಾವ ಸೇರಿ ನಡೆಸೋದು. ಆನ್‌ಲೈನಲ್ಲಿ ಸ್ಪ್ರೇಯರ್, ಮೋಟಾರ್ ಸ್ಟಾರ್ಟರ್, ಡ್ರಿಪ್ ಪೈಪು, ತಾಡಪಾಲು ಮಾರೋ ಮೂರ್ನಾಲ್ಕು ಕಂಪನಿಗಳಿಗೆ ಕನ್ನಡದಲ್ಲಿ ಕಸ್ಟಮರ್ ಕೇರ್ ಮಾಡಿಕೊಡ್ತೀವಿ. ಫೋನ್ ಮಾಡೋರು ಮುಕ್ಕಾಲು ಪಾಲು ರೈತರು, ಹಾವೇರಿ, ಬಾಗಲಕೋಟೆ, ರಾಯಚೂರು, ಈ ಕಡೆ ಹಾಸನ, ಚಾಮರಾಜನಗರ. "ಬಾಕ್ಸ್ ಬಂದೈತಿ, ಒಳಗ ನಾಝಲ್ ಇಲ್ಲ" ಅಂತ ಒಬ್ಬರು, "ಸ್ಟಾರ್ಟರ್ರು ಹಾಕ್ದೆ ಬುಸ್ ಅಂತು ಕಣಣ್ಣ" ಅಂತ ಇನ್ನೊಬ್ಬರು. ಆಫೀಸಲ್ಲಿ ಕೂತು ಕೆಲಸ ಮಾಡೋರು ಐದು ಜನ, ಮಿಕ್ಕಿದವರೆಲ್ಲ ಮನೆಯಿಂದ. ಕೊರೋನಾ ಟೈಮಲ್ಲಿ ಹಾಗೆ ಶುರುವಾಗಿದ್ದು, ಹಾಗೇ ಉಳ್ಕೊಂಡುಬಿಡ್ತು, ಯಾಕಂದ್ರೆ ಮನೆಲೇ ಇದ್ದು ದುಡಿಬೇಕು ಅನ್ನೋ ಹೆಣ್ಮಕ್ಕಳು ಸಣ್ಣ ಸಣ್ಣ ಊರಲ್ಲಿ ಎಷ್ಟು ಜನ ಇದಾರೆ ಅಂದ್ರೆ ನೀವು ನಂಬಲ್ಲ, ಮತ್ತೆ ಅವರು ಬೆಂಗಳೂರಿನ ಹುಡುಗರ ಥರ ಮೂರು ತಿಂಗಳಿಗೆ ಬಿಟ್ಟು ಹೋಗಲ್ಲ.

ತೊಂದರೆ ಇರೋದು ಜನ ತಗೊಳ್ಳೋದ್ರಲ್ಲಿ. ಹೋದ ಸಲ ನಾಲ್ಕು ಜನ ಬೇಕು ಅಂತ ವಾಟ್ಸಾಪ್ ಸ್ಟೇಟಸ್ ಹಾಕಿದ್ದಕ್ಕೆ ಮೂರು ವಾರ ನಾನು ಭಾವ ಇಬ್ರೂ ಬರೀ ಫೋನೇ. ಬೆಳಿಗ್ಗೆ ಮಾಡಿದ್ರೆ ಎತ್ತಲ್ಲ, ಮಧ್ಯಾಹ್ನ ಮಾಡಿದ್ರೆ "ಸಾರ್ ಮಗು ಮಲಗಿಸ್ತಾ ಇದೀನಿ", ಸಂಜೆ ಮಾಡಿದ್ರೆ ಅವರ ಮಾವ ಎತ್ತಿ ನಮಗೇ ಇಂಟರ್ವ್ಯೂ ಮಾಡ್ತಾರೆ. ಈ ಸಲ ಆರು ಜನ ಬೇಕಿತ್ತು. ಅದಕ್ಕೇ ಈ ಎಐ ಸರ್ವೀಸ್ ತಗೊಂಡಿದ್ದು.

ಕೆಲಸ ಮಾಡೋ ರೀತಿ ಹೀಗೆ. ನಾವು ಕೆಲಸದ ವಿವರ ಹಾಕ್ತೀವಿ, ಅದು ಒಂದು ಫಾರ್ಮ್ ಮಾಡಿ ಲಿಂಕ್ ಕೊಡುತ್ತೆ. ಅರ್ಜಿ ಹಾಕಿದವರಲ್ಲಿ ಫಾರ್ಮ್ ಪಾಸಾದವರಿಗೆ ಇಂಟರ್ವ್ಯೂ ಲಿಂಕ್ ಹೋಗುತ್ತೆ. ಅದನ್ನ ಒತ್ತಿದ್ರೆ ಫೋನಲ್ಲೇ ಒಂದು ಹೆಣ್ಣು ದನಿ ಕನ್ನಡದಲ್ಲಿ ಎಂಟು ಪ್ರಶ್ನೆ ಕೇಳುತ್ತೆ, ಒಟ್ಟು ಹನ್ನೆರಡು ನಿಮಿಷ. ಅವರು ಹೇಳಿದ್ದನ್ನ ಅಕ್ಷರಕ್ಕೆ ಇಳಿಸುತ್ತೆ, ಆ ಅಕ್ಷರವನ್ನ ಚಾಟ್‌ಜಿಪಿಟಿ ಥರದ್ದೊಂದು ಮಾಡೆಲ್ ಓದಿ ನೂರಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಡುತ್ತೆ. ನಮ್ಮ ಡ್ಯಾಶ್‌ಬೋರ್ಡಲ್ಲಿ ಮೇಲಿಂದ ಕೆಳಗೆ ಪಟ್ಟಿ. ಇಲ್ಲಿ ಒಂದು ವಿಷಯ ನೆನಪಿಟ್ಕೊಳ್ಳಿ, ಮಾರ್ಕ್ಸ್ ಕೊಡೋದು ದನಿ ಕೇಳಿ ಅಲ್ಲ, ಅಕ್ಷರ ಓದಿ. ಇದು ನನಗೆ ಗೊತ್ತಾಗೋ ಹೊತ್ತಿಗೆ ಒಂದೂವರೆ ತಿಂಗಳು ಕಳೆದಿತ್ತು.

ಒಳ್ಳೇದು ಮೊದಲು ಹೇಳ್ತೀನಿ, ಇಲ್ಲಾಂದ್ರೆ ಸುಮ್ನೆ ಬೈಯೋಕೆ ಕೂತಿದಾನೆ ಅಂತೀರ. ಒಂದು ವಾರದಲ್ಲಿ 640 ಅರ್ಜಿ ಬಂತು. ಅದರಲ್ಲಿ 380 ಜನಕ್ಕೆ ಲಿಂಕ್ ಹೋಯ್ತು, 236 ಜನ ಇಂಟರ್ವ್ಯೂ ಮುಗಿಸಿದ್ರು. ನಾವು ಒಂದೇ ಒಂದು ಫೋನ್ ಮಾಡಿಲ್ಲ. ಟೈಮಿಂಗ್ ನೋಡಿದ್ರೆ ಮಜಾ ಇದೆ, ಅರ್ಧಕ್ಕಿಂತ ಜಾಸ್ತಿ ಜನ ಇಂಟರ್ವ್ಯೂ ಕೊಟ್ಟಿರೋದು ರಾತ್ರಿ ಒಂಬತ್ತರ ಮೇಲೆ, ಪಾತ್ರೆ ತೊಳೆದು, ಮಕ್ಕಳನ್ನ ಮಲಗಿಸಿ, ಆಮೇಲೆ. ಒಬ್ರು 11.50ಕ್ಕೆ ಕೊಟ್ಟಿದ್ರು, ಪಾಪ ಪಿಸುಪಿಸು ಅಂತ ಮಾತಾಡಿದಾರೆ, ಹಿಂದೆ ಯಾರೋ ಗೊರಕೆ ಹೊಡಿತಾ ಇರೋದು ರೆಕಾರ್ಡಿಂಗಲ್ಲಿ ಕೇಳುತ್ತೆ. ನಾನು ಹಗಲು ಹೊತ್ತು ಫೋನ್ ಮಾಡ್ತಾ ಕೂತಿದ್ರೆ ಇವರಲ್ಲಿ ಎಷ್ಟೋ ಜನ ಕೈಗೇ ಸಿಗ್ತಿರಲಿಲ್ಲ. ಈ ಒಂದು ವಿಷಯಕ್ಕೆ ಆ ಸರ್ವೀಸಿಗೆ ಪೂರ್ತಿ ಮಾರ್ಕ್ಸ್ ಕೊಡ್ತೀನಿ. ಇನ್ನೊಂದು, ಶುರುಲೇ ನೆಟ್ ಸ್ಪೀಡ್ ಚೆಕ್ ಮಾಡುತ್ತೆ, ಕರೆಂಟ್ ಹೋದ್ರೆ ಇನ್ವರ್ಟರ್ ಇದೆಯಾ ಅಂತ ಕೇಳುತ್ತೆ. ಮನೆಯಿಂದ ಕೆಲಸ ಅಂದ್ರೆ ಇದೇ ಮುಖ್ಯ, ಹಿಂದೆ ನಾವು ಇದನ್ನ ಕೇಳೋಕೆ ಮರೆತು ಆಮೇಲೆ ಪರದಾಡಿದೀವಿ.

ಬಾಟ್ ಮಾತಾಡೋ ಕನ್ನಡ ಹೇಗಿದೆ ಅಂದ್ರೆ, ಸ್ಪಷ್ಟವಾಗಿದೆ, ಆದ್ರೆ ಯಾವ ಊರಿಂದೂ ಅಲ್ಲ. "ನಿಮ್ಮ ಹಿಂದಿನ ಉದ್ಯೋಗವನ್ನು ತೊರೆಯಲು ಕಾರಣವೇನು?" ಅಂತ ಕೇಳುತ್ತೆ. ಯಾರ್ರೀ ಉದ್ಯೋಗ ತೊರೀತಾರೆ, ನಾವೆಲ್ಲ ಕೆಲಸ ಬಿಡೋರು. ಪ್ರತಿ ಉತ್ತರಕ್ಕೂ "ಅದ್ಭುತ! ನಿಮ್ಮ ಉತ್ತರಕ್ಕೆ ಧನ್ಯವಾದಗಳು" ಅನ್ನೋದೊಂದು ಚಟ. ಒಂದು ರೆಕಾರ್ಡಿಂಗಲ್ಲಿ ಚಿತ್ರದುರ್ಗದ ಕಡೆಯ ಹೆಣ್ಮಗಳು, ಕೆಲಸ ಯಾಕೆ ಬಿಟ್ರಿ ಅಂದಿದ್ದಕ್ಕೆ "ಅಪ್ಪಾಜಿ ತೀರ್ಕೊಂಡ್ರು, ಅಮ್ಮ ಒಬ್ರೇ ಆದ್ರು, ಅದಕ್ಕೆ ಊರಿಗೆ ಬಂದ್ಬಿಟ್ಟೆ" ಅಂದಿದಾಳೆ. ಬಾಟು "ಅದ್ಭುತ!" ಅಂದು ಮುಂದಿನ ಪ್ರಶ್ನೆಗೆ ಹೋಗಿದೆ. ಆ ಹುಡುಗಿ ಎರಡು ಸೆಕೆಂಡ್ ಸುಮ್ನಿದ್ದು ಆಮೇಲೆ ಪ್ರಶ್ನೆಗೆ ಉತ್ತರ ಹೇಳಿದಾಳೆ, ಸಿಟ್ಟಿಲ್ಲ ಏನಿಲ್ಲ. ನನಗೆ ಕೇಳಿಸ್ಕೊಂಡು ಹೊಟ್ಟೆಲಿ ಸಂಕಟ ಆಯ್ತು, ಕಂಪನಿ ಹೆಸರು ನಮ್ದಲ್ವಾ ಅಲ್ಲಿರೋದು. ಆ "ಅದ್ಭುತ" ತೆಗೆಯೋಕೆ ಆಗುತ್ತಾ ಅಂತ ಸಪೋರ್ಟಿಗೆ ಬರೆದೆ, ತೆಗೆದುಕೊಟ್ರು, ಒಂಬತ್ತು ದಿನ ಆದಮೇಲೆ.

ಈಗ ಸ್ಕೋರ್ ಕಥೆ. ಅವರೇ ಇಟ್ಟಿರೋ ಕಟ್‌ಆಫ್ 70. ಅದರ ಮೇಲೆ 41 ಜನ. ನಾವು ಮೇಲಿಂದ ಆರಿಸಿ ನಾಲ್ಕು ಜನ ತಗೊಂಡ್ವಿ, ಖುಷಿಯಾಗಿ.

ಎಲ್ಲರಿಗಿಂತ ಮೇಲೆ ಇದ್ದ ಹುಡುಗಿಗೆ 91. ಸಿಟ್ಟಾದ ಗ್ರಾಹಕನ ಹತ್ರ ಹೇಗೆ ಮಾತಾಡ್ತೀರ ಅನ್ನೋ ಪ್ರಶ್ನೆಗೆ ಅವಳ ಉತ್ತರ "ಗ್ರಾಹಕರ ಮಾತನ್ನು ಸಹಾನುಭೂತಿಯಿಂದ ಆಲಿಸಿ, ಸಮಸ್ಯೆಯ ಮೂಲವನ್ನು ಗುರುತಿಸಿ, ಸಕಾಲದಲ್ಲಿ ಪರಿಹಾರ ಒದಗಿಸುತ್ತೇನೆ". ಆಗಲೇ ನನಗೆ ಡೌಟ್ ಬರಬೇಕಿತ್ತು. ಇದು ಪಕ್ಕದಲ್ಲಿ ಇನ್ನೊಂದು ಫೋನ್ ಇಟ್ಕೊಂಡು ಎಐ ಹತ್ರ ಉತ್ತರ ತಗೊಂಡು ಓದಿರೋದು, ಅಂದ್ರೆ ಒಂದು ಮಷೀನು ಬರೆದುಕೊಟ್ಟಿದ್ದಕ್ಕೆ ಇನ್ನೊಂದು ಮಷೀನು 91 ಕೊಟ್ಟಿದೆ. ಕೆಲಸಕ್ಕೆ ಸೇರಿ ಎರಡನೇ ದಿನ ರಾಣೆಬೆನ್ನೂರಿಂದ ಒಬ್ರು ಫೋನಲ್ಲಿ ಹಾರಾಡಿದ್ರು, ಸ್ಪ್ರೇಯರ್ ಬ್ಯಾಟರಿ ಬರೀ ಅರ್ಧ ಗಂಟೆ ಬರ್ತಿದೆ ಅಂತ. ಹುಡುಗಿ ಸೈಲೆಂಟ್, ಆಮೇಲೆ ಕಾಲ್ ಕಟ್. ಮೂರನೇ ದಿನ ಬರಲೇ ಇಲ್ಲ. ಅವಳನ್ನ ಬೈಯೋಕೆ ನನಗೆ ಮನಸಿಲ್ಲ, ಪರೀಕ್ಷೆ ಹಾಗಿತ್ತು ಅವಳು ಹಾಗೆ ಬರೆದಳು.

ಇನ್ನೊಬ್ಬ ಹುಡುಗ, 88. ಟ್ರೇನಿಂಗ್ ದಿನ ವಿಡಿಯೋ ಕಾಲಲ್ಲಿ ಮಾತಾಡ್ತಾ ಇದ್ರೆ ನಮ್ಮ ಭಾವ ನನ್ನ ಕಡೆ ನೋಡ್ತಾನೆ, ನಾನು ಭಾವನ ಕಡೆ ನೋಡ್ತೀನಿ. ದನಿನೇ ಬೇರೆ. ವಿಚಾರಿಸಿದ್ರೆ ಇಂಟರ್ವ್ಯೂ ಕೊಟ್ಟಿದ್ದು ಅಣ್ಣ, ಕೆಲಸಕ್ಕೆ ಬಂದಿದ್ದು ತಮ್ಮ! ಅಣ್ಣನಿಗೆ ಆಗಲೇ ಬೇರೆ ಕಡೆ ಕೆಲಸ ಇದೆ, ತಮ್ಮನಿಗೆ ಒಂದು ದಾರಿ ಮಾಡ್ಕೊಡೋಣ ಅಂತ. ನಗು ಬಂತು, ಆದ್ರೆ ಯೋಚನೆ ಮಾಡಿದ್ರೆ ನಗೋ ವಿಷಯ ಅಲ್ಲ. ಅಮೆರಿಕದ ನೋಬಿಫೋರ್ ಅಂತ ಕಂಪನಿ, ಅವರ ಕೆಲಸವೇ ಸೈಬರ್ ಮೋಸ ಹೇಗೆ ಕಂಡುಹಿಡಿಯೋದು ಅಂತ ಬೇರೆ ಕಂಪನಿಗಳಿಗೆ ಪಾಠ ಮಾಡೋದು, ಅಂಥವರೇ 2024ರ ಜುಲೈಯಲ್ಲಿ ಬಾಯಿಬಿಟ್ಟು ಹೇಳ್ಕೊಂಡ್ರು, ಮನೆಯಿಂದ ಕೆಲಸ ಮಾಡೋಕೆ ಅಂತ ತಗೊಂಡ ಸಾಫ್ಟ್‌ವೇರ್ ಇಂಜಿನಿಯರ್ ಉತ್ತರ ಕೊರಿಯಾದವನು ಅಂತ. ನಾಲ್ಕು ವಿಡಿಯೋ ಇಂಟರ್ವ್ಯೂ ಆಗಿತ್ತಂತೆ, ಬ್ಯಾಕ್‌ಗ್ರೌಂಡ್ ಚೆಕ್ಕೂ ಪಾಸು, ಯಾಕಂದ್ರೆ ಹೆಸರು ದಾಖಲೆ ಎಲ್ಲ ಒಬ್ಬ ನಿಜವಾದ ಅಮೆರಿಕನ್‌ದು, ಕದ್ದಿದ್ದು, ಫೋಟೋ ಎಐಲಿ ತಿದ್ದಿದ್ದು. ಕಂಪನಿ ಕಳಿಸಿದ ಲ್ಯಾಪ್‌ಟಾಪ್ ಕೈಗೆ ಸಿಕ್ಕಿದ ತಕ್ಷಣ ಅದರಲ್ಲಿ ಮಾಲ್‌ವೇರ್, ಅಂದ್ರೆ ಕಳ್ಳ ಸಾಫ್ಟ್‌ವೇರ್, ಹಾಕೋಕೆ ಹೋಗಿ ಸಿಕ್ಕಿಬಿದ್ದ. ನಮ್ಮ ಅಣ್ಣತಮ್ಮಂದಿರು ಅದರ ಮುಂದೆ ಪಾಪದವರು. ಆದ್ರೆ ನಮ್ಮ ಸರ್ವೀಸಿನ ಜಾಹೀರಾತಲ್ಲಿ ಮೋಸ ಪತ್ತೆ ಮಾಡೋ ಎಐ ಅಂತ ದಪ್ಪ ಅಕ್ಷರದಲ್ಲಿ ಇದೆ, ಅಣ್ಣತಮ್ಮನ್ನೂ ಹಿಡೀಲಿಲ್ಲ, ಓದಿ ಹೇಳಿದವಳನ್ನೂ ಹಿಡೀಲಿಲ್ಲ.

ನಾಲ್ಕರಲ್ಲಿ ಎರಡು ಹೋಯ್ತು, ಉಳಿದಿದ್ದು ಎರಡು, ಇನ್ನೂ ನಾಲ್ಕು ಬೇಕು. ಆಗ ಭಾವ ಅಂದ, ಮೇಲಿನವರನ್ನ ನೋಡಿದ್ದಾಯ್ತಲ್ಲ, ರಿಜೆಕ್ಟ್ ಆಗಿರೋರಲ್ಲಿ ಏನಿದೆ ಒಂದ್ಸಲ ನೋಡೋಣ. ಒಂದು ಭಾನುವಾರ ಟೀ ಇಟ್ಕೊಂಡು ಕೂತು, ಸ್ಪೀಡ್ ಒಂದೂವರೆ ಮಾಡಿ ಅರವತ್ತು ರೆಕಾರ್ಡಿಂಗ್ ಕೇಳಿದ್ವಿ.

ಗದಗ ಜಿಲ್ಲೆಯ ಒಬ್ಬರು ಅಕ್ಕ, ಮೂವತ್ತೆಂಟು ವಯಸ್ಸು, ಹಿಂದೆ ಗೊಬ್ಬರದಂಗಡಿಲಿ ಲೆಕ್ಕ ಬರೀತಿದ್ರು. ಸ್ಕೋರ್ 46. ಹ್ಯಾಂಡಲ್ ಮುರಿದ ಸ್ಪ್ರೇಯರ್ ಬಂದಿದೆ ಅಂತ ಗ್ರಾಹಕ ಬೈತಿದಾನೆ, ಏನ್ ಮಾಡ್ತೀರ ಅನ್ನೋ ಪ್ರಶ್ನೆ. ಅವರ ಉತ್ತರ ಹಾಗೇ ಹಾಕ್ತೀನಿ, ನಾನು ಎಷ್ಟು ಸಲ ಕೇಳಿದೀನಿ ಅಂದ್ರೆ ಬಾಯಿಪಾಠ ಆಗಿದೆ: "ಮೊದ್ಲ ಅವ್ರಿಗೆ ಮಾತಾಡಾಕ ಬಿಡ್ತೀನ್ರಿ. ಸಿಟ್ಟಿನ್ಯಾಗ ಇದ್ದೋರ ಮುಂದ ನಾವೂ ಬಡಬಡ ಅಂದ್ರ ಇನ್ನೂ ಏರತೈತ್ರಿ. ಪೂರಾ ಅಂದಾದ್ಮ್ಯಾಲ, ಅಣ್ಣಾರ, ನೀವು ಅನ್ನೋದು ಖರೆ ಐತಿ, ಮುರದದ್ದು ಒಂದ್ ಫೋಟೋ ತಗದು ವಾಟ್ಸಾಪ್ ಮಾಡ್ರಿ, ನಾ ಬಿಡಂಗಿಲ್ಲ ಅದನ್ನ, ಅಂತೀನ್ರಿ."

ನಾನು ಭಾವ ಇಬ್ರೂ ಟೀ ಲೋಟ ಕೆಳಗಿಟ್ವಿ. ನಾವು ಹುಡುಕ್ತಾ ಇದ್ದಿದ್ದೇ ಇವರನ್ನ. ಇಷ್ಟು ದಿನ ರಿಜೆಕ್ಟ್ ಲಿಸ್ಟಲ್ಲಿ ಬಿದ್ದಿದ್ರು, "ನಿಮ್ಮ ಆಸಕ್ತಿಗೆ ಧನ್ಯವಾದಗಳು" ಅಂತ ಮೆಸೇಜ್ ಬೇರೆ ನಮ್ಮ ಹೆಸರಲ್ಲೇ ಹೋಗಿಬಿಟ್ಟಿತ್ತು. ಯಾಕೆ 46 ಅಂತ ಟ್ರಾನ್ಸ್‌ಕ್ರಿಪ್ಟ್ ತೆಗೆದು ನೋಡಿದ್ರೆ, "ಖರೆ ಐತಿ" ಅನ್ನೋದು "ಕರೆ ಇದೆ" ಆಗಿದೆ. ನೀವು ಅನ್ನೋದು ನಿಜ ಅಂದಿದಾರೆ ಅವರು, ಅದಕ್ಕೆ ಕೇಳಿಸಿದ್ದು ಯಾವುದೋ ಫೋನ್ ಕರೆ. "ಅಂದಾದ್ಮ್ಯಾಲ" ಅನ್ನೋ ಜಾಗದಲ್ಲಿ ಏನೇನೋ ಅಕ್ಷರ. ಎಲ್ಲಕ್ಕಿಂತ ಮಜಾ ಅಂದ್ರೆ "ನಾ ಬಿಡಂಗಿಲ್ಲ ಅದನ್ನ" ಅನ್ನೋದು "ನಾನು ಬಿಡುವುದಿಲ್ಲ" ಆಗಿ, ಪಕ್ಕದಲ್ಲಿ ಕೆಂಪು ಗುರುತು, ಕಾಮೆಂಟು "ಗ್ರಾಹಕರಿಗೆ ಬೆದರಿಕೆ ಹಾಕುವ ಧಾಟಿ". ಬೆದರಿಕೆ ಅಂತೆ! ನಿಮ್ಮ ಕೆಲಸ ಆಗೋ ತನಕ ನಾನು ಬಿಡಲ್ಲ ಅಂತ ಭರವಸೆ ಕೊಡ್ತಿದಾರೆ ಆಯಮ್ಮ.

ಆಮೇಲೆ ನನಗೆ ತಲೆಲಿ ಹುಳ ಬಿಟ್ಟಂಗಾಯ್ತು. ಇದು ಒಬ್ಬರ ಕಥೆನಾ ಎಲ್ಲರದ್ದೂನಾ ಅಂತ ನೋಡ್ಬೇಕಿತ್ತು. ಎಲ್ಲೋ ಓದಿದ್ದು ನೆನಪಿತ್ತು, ಐಟ್ಯೂಟರ್‌ಗ್ರೂಪ್ ಅಂತ ಕಂಪನಿ, ಅಮೆರಿಕದಲ್ಲಿರೋರನ್ನ ಮನೆಯಿಂದಲೇ ಚೀನಾದ ವಿದ್ಯಾರ್ಥಿಗಳಿಗೆ ಆನ್‌ಲೈನಲ್ಲಿ ಇಂಗ್ಲಿಷ್ ಪಾಠ ಮಾಡೋಕೆ ತಗೊಳ್ತಿತ್ತು. ಅವರ ಸಾಫ್ಟ್‌ವೇರು 55 ದಾಟಿದ ಹೆಂಗಸರನ್ನ, 60 ದಾಟಿದ ಗಂಡಸರನ್ನ ತಾನೇ ರಿಜೆಕ್ಟ್ ಮಾಡ್ತಿತ್ತು ಅಂತ ಅಮೆರಿಕ ಸರ್ಕಾರದ ಸಂಸ್ಥೆ ಕೇಸ್ ಹಾಕಿ, 2023ರಲ್ಲಿ 3,65,000 ಡಾಲರಿಗೆ ರಾಜಿ ಆಯ್ತು. ಅದು ಬಯಲಾಗಿದ್ದು ಹೇಗೆ ಗೊತ್ತಾ, ಅರ್ಜಿ ಹಾಕಿದವರೊಬ್ರು ಅದೇ ಅರ್ಜಿನ ಹುಟ್ಟಿದ ದಿನ ಮಾತ್ರ ಬದಲಾಯಿಸಿ ಮತ್ತೆ ಹಾಕಿದ್ರು, ಇಂಟರ್ವ್ಯೂಗೆ ಕರೆ ಬಂತು. ಅಷ್ಟೇ. ನಾವೂ ಅದೇ ಉಪಾಯ ಮಾಡಿದ್ವಿ. ಗದಗದ ಅಕ್ಕನ ಉತ್ತರದ ಅರ್ಥ ಏನಿದೆಯೋ ಅದನ್ನೇ ಇಟ್ಕೊಂಡು ನಮ್ಮ ಮನೆಯವಳಿಗೆ ಹೇಳ್ಕೊಟ್ಟೆ, ಅವಳು ಮೈಸೂರು ಕಡೆಯವಳು, ಅವಳ ಧಾಟಿಲಿ ಹೇಳಿದಳು. ವಿಜಯಪುರದಲ್ಲಿರೋ ನನ್ನ ಫ್ರೆಂಡ್ ಅವನ ಧಾಟಿಲಿ ಹೇಳಿದ. ಮನೆಯವಳಿಗೆ 82, ಅವನಿಗೆ 57. ಅವನು ಹತ್ತು ವರ್ಷ ಟ್ರ್ಯಾಕ್ಟರ್ ಶೋರೂಮಲ್ಲಿ ಸೇಲ್ಸ್ ಮಾಡಿದವನು, ನಮ್ಮನೆಯವಳು ನೆಂಟರ ಫೋನ್ ಬಂದ್ರೂ ನನಗೆ ಕೊಡೋಳು. ಎರಡೇ ಜನದ ಟೆಸ್ಟು ಇಟ್ಕೊಂಡು ದೊಡ್ಡದಾಗಿ ಏನೂ ಹೇಳೋಕಾಗಲ್ಲ, ಒಪ್ತೀನಿ, ಆದ್ರೆ ರಿಜೆಕ್ಟ್ ಲಿಸ್ಟಲ್ಲಿ ನಾವು ಕೇಳಿದ ಅರವತ್ತರಲ್ಲಿ ಎಷ್ಟು ಜನ ಧಾರವಾಡದಿಂದ ಆಚೆಯವರು ಇದ್ರು ಅಂತ ನೋಡಿದ ಮೇಲೆ ನನಗಂತೂ ಸಂಶಯ ಉಳಿದಿಲ್ಲ.

ನಮಗೆ ಫೋನ್ ಮಾಡೋ ರೈತರಲ್ಲೂ ಎಷ್ಟೋ ಜನ ಅದೇ ಕಡೆಯವರು ಅನ್ನೋದನ್ನ ಮರೀಬೇಡಿ. ಅವರ ಮಾತು ಅರ್ಥ ಆಗೋರನ್ನೇ ಸೋಸಿ ಆಚೆ ಹಾಕೋಕೆ ನಾವು ತಿಂಗಳಿಗೆ ದುಡ್ಡು ಕಟ್ತಾ ಇದ್ವಿ.

ಸಪೋರ್ಟಿಗೆ ಎರಡೂ ರೆಕಾರ್ಡಿಂಗ್ ಹಾಕಿ ಉದ್ದಕ್ಕೆ ಬರೆದೆ. "ಕನ್ನಡ ನಮ್ಮ ಸಪೋರ್ಟೆಡ್ ಲ್ಯಾಂಗ್ವೇಜ್ ಸರ್" ಅಂತ ಉತ್ತರ. ಹೌದಪ್ಪ, ಯಾವ ಕನ್ನಡ? ಮಷೀನಿಗೆ ಯಾವ ಥರದ ಮಾತು ಕೇಳಿಸಿ ಕಲಿಸಿರ್ತಾರೋ ಅದು ಮಾತ್ರ ಗೊತ್ತಿರುತ್ತೆ, ನ್ಯೂಸ್ ಓದೋ ಧಾಟಿಲಿ ಕಲಿತಿದ್ರೆ ಸಂತೆ ಮಾತು ಎಲ್ಲಿಂದ ತಿಳಿಬೇಕು. ನಮ್ಮ ಬೆಂಗಳೂರಿನ ಐಐಎಸ್‌ಸಿಯವರು ಗೂಗಲ್ ಜೊತೆ ಸೇರಿ ವಾಣಿ ಅಂತ ಒಂದು ಯೋಜನೆಲಿ ಜಿಲ್ಲೆ ಜಿಲ್ಲೆಯ ಜನರ ಮಾತು ರೆಕಾರ್ಡ್ ಮಾಡಿ ಎಲ್ಲರಿಗೂ ಸಿಗೋ ಹಾಗೆ ಇಡ್ತಾ ಇದಾರೆ, ಅಂಥದ್ದನ್ನ ತಗೊಂಡು ಕಲಿಸ್ರಪ್ಪ ಅಂತಾನೂ ಬರೆದೆ. "ಫೀಡ್‌ಬ್ಯಾಕ್ ಪ್ರಾಡಕ್ಟ್ ಟೀಮಿಗೆ ಕಳಿಸಿದೀವಿ" ಅಂತ ಬಂತು, ಟಿಕೆಟ್ ಕ್ಲೋಸ್ ಆಯ್ತು.

ಸಣ್ಣಪುಟ್ಟ ಕಿರಿಕಿರಿ ಇನ್ನೂ ಇವೆ. ನಾಲ್ಕು ಸೆಕೆಂಡ್ ಸುಮ್ನಿದ್ರೆ ಉತ್ತರ ಮುಗೀತು ಅನ್ಕೊಂಡು ಮುಂದಕ್ಕೆ ಹೋಗುತ್ತೆ, ಹಳ್ಳಿ ನೆಟ್ವರ್ಕಲ್ಲಿ ನಾಲ್ಕು ಸೆಕೆಂಡ್ ಯಾವ ಲೆಕ್ಕ. ಕುಕ್ಕರ್ ಕೂಗಿದ್ರೆ ಆ ವಾಕ್ಯವೇ ಮಾಯ. ವಿಡಿಯೋ ಆಪ್ಶನ್ ಆನ್ ಮಾಡಿದ್ರೆ ಮುಖ ನೋಡಿ ಆತ್ಮವಿಶ್ವಾಸ ಎಷ್ಟಿದೆ ಅಂತ ಪರ್ಸೆಂಟ್ ಕೊಡುತ್ತೆ, ಅದನ್ನ ಮೊದಲ ದಿನವೇ ಆಫ್ ಮಾಡಿದೆ. ಈ ವಿಡಿಯೋ ಇಂಟರ್ವ್ಯೂ ವ್ಯವಹಾರದಲ್ಲಿ ದೊಡ್ಡ ಹೆಸರು ಅಂದ್ರೆ ಹೈರ್‌ವ್ಯೂ, ಅವರೇ ಮುಖ ನೋಡಿ ಅಳೆಯೋದನ್ನ ಕೈಬಿಟ್ಟಿದೀವಿ ಅಂತ 2021ರಲ್ಲಿ ಹೇಳಿದ್ರು, ಯುರೋಪಲ್ಲಿ ಕೆಲಸದ ಜಾಗದಲ್ಲಿ ಎಐ ಇಟ್ಟು ಜನರ ಭಾವನೆ ಅಳೆಯೋದನ್ನ 2025ರ ಫೆಬ್ರವರಿಯಿಂದ ಹೆಚ್ಚುಕಡಿಮೆ ನಿಷೇಧನೇ ಮಾಡಿದಾರೆ, ಇಲ್ಲಿ ನಮಗೆ ಅದನ್ನ ಪ್ರೀಮಿಯಂ ಫೀಚರ್ ಅಂತ ಮಾರ್ತಾರೆ.

ಡೇಟಾ ವಿಷಯ ಒಂಚೂರು ಗಂಭೀರ. 236 ಜನರ ದನಿ, ಫೋನ್ ನಂಬರು, ಮನೆ ಊರು ಎಲ್ಲ ಅವರ ಸರ್ವರಲ್ಲಿ ಕೂತಿದೆ. ಎಷ್ಟು ದಿನ ಇಟ್ಕೊಳ್ತೀರ ಅಂದ್ರೆ ಎರಡು ವರ್ಷ ಅಂದ್ರು. ನಮ್ಮ ದೇಶದ ಡೇಟಾ ರಕ್ಷಣೆ ಕಾಯ್ದೆ 2023ರದ್ದು, ಅದರ ನಿಯಮಗಳು ಬಂದಿದ್ದು 2025ರ ನವೆಂಬರಲ್ಲಿ, ಅದೂ ಹಂತ ಹಂತವಾಗಿ ಜಾರಿ, ಹಾಗಾಗಿ ಈಗಲೇ ಅಭ್ಯಾಸ ಮಾಡ್ಕೊಳ್ಳೋದು ಒಳ್ಳೇದು. ಇದೆಲ್ಲ ಅತಿಯಾಯ್ತು ಅನ್ನೋರಿಗೆ ಒಂದು ವಿಷಯ: ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ಸ್ ಕೆಲಸಕ್ಕೆ ಜನ ತಗೊಳ್ಳೋ ಚಾಟ್‌ಬಾಟಿನ ಒಂದು ಹಳೇ ಅಡ್ಮಿನ್ ಅಕೌಂಟಿಗೆ ಪಾಸ್‌ವರ್ಡ್ 123456 ಅಂತ ಇರೋದನ್ನ 2025ರಲ್ಲಿ ಇಬ್ಬರು ಸೆಕ್ಯುರಿಟಿ ಸಂಶೋಧಕರು ಕಂಡುಹಿಡಿದ್ರು, ಕೋಟಿಗಟ್ಟಲೆ ಅರ್ಜಿಗಳ ದಾಖಲೆಗೆ ಅಲ್ಲಿಂದ ದಾರಿ ಇತ್ತು. ನಾವು ಕೆಲಸ ಸಿಗದವರ ರೆಕಾರ್ಡಿಂಗ್ ಅಳಿಸಿ ಅಂತ ಮೇಲ್ ಹಾಕಿದ್ವಿ. ಮೂರು ಸಲ ನೆನಪಿಸಿದ ಮೇಲೆ ಅಳಿಸಿದೀವಿ ಅಂದ್ರು. ಅಳಿಸಿದ್ರಾ ಬಿಟ್ರಾ ನೋಡೋಕೆ ನನಗೆ ದಾರಿ ಇಲ್ಲ.

ಖರ್ಚು. ತಿಂಗಳಿಗೆ 7,999, ಅದರಲ್ಲಿ ನೂರು ಇಂಟರ್ವ್ಯೂ ಫ್ರೀ, ಆಮೇಲೆ ಒಂದಕ್ಕೆ 25 ರೂಪಾಯಿ. ಮೊದಲ ತಿಂಗಳು 136 ಎಕ್ಸ್‌ಟ್ರಾ ಆಯ್ತು, ಜಿಎಸ್‌ಟಿ ಎಲ್ಲ ಸೇರಿ ಬಿಲ್ 13,451. ಒಬ್ಬರು ಎಚ್‌ಆರ್ ಇಟ್ಕೊಂಡ್ರೆ ಇದಕ್ಕಿಂತ ಜಾಸ್ತಿ ಆಗುತ್ತೆ, ಆ ಲೆಕ್ಕದಲ್ಲಿ ದುಬಾರಿ ಅಲ್ಲ. ಅರ್ಧಕ್ಕೆ ಬಿಟ್ಟ ಇಂಟರ್ವ್ಯೂಗೂ ದುಡ್ಡು ಹಿಡೀತಾರೆ ಅನ್ನೋದು ಮಾತ್ರ ಬೆಲೆ ಪಟ್ಟಿಲಿ ಎಲ್ಲೂ ಇರಲಿಲ್ಲ, ಎರಡನೇ ತಿಂಗಳ ಬಿಲ್ಲಲ್ಲಿ ಗೊತ್ತಾಯ್ತು. ಜಗಳ ಆಡಿ ವಾಪಸ್ ತಗೊಂಡೆ.

ಈಗ ಬಿಟ್ಟಿದೀವಾ ಅಂದ್ರೆ, ಇಲ್ಲ. ಫಾರ್ಮು, ನೆಟ್ ಚೆಕ್ಕು, ರಾತ್ರಿ ಹೊತ್ತು ಇಂಟರ್ವ್ಯೂ ತಗೊಳ್ಳೋದು, ಇಷ್ಟಕ್ಕೆ ಬಳಸ್ತೀವಿ. ಎಂಟು ಪ್ರಶ್ನೆನ ಮೂರಕ್ಕೆ ಇಳಿಸಿ, ನಮ್ಮ ಮಾತಲ್ಲೇ ಬರೆದು ಹಾಕಿದೀವಿ, "ಕೆಲಸ ಯಾಕೆ ಬಿಟ್ರಿ" ಅಂತಾನೇ ಕೇಳುತ್ತೆ ಈಗ. ಸ್ಕೋರ್ ಕಾಲಂ ಮುಚ್ಚಿಟ್ಟಿದೀವಿ. ರೆಕಾರ್ಡಿಂಗ್ ಕೇಳೋದು ಮನುಷ್ಯರೇ, ಅದರಲ್ಲೂ ಎರಡನೇ ಬ್ಯಾಚಿಂದ ಆ ಕೆಲಸ ಗದಗದ ಅಕ್ಕಂದು. ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿ ಕರೆದಾಗ "ನೀವ್ ಬ್ಯಾಡ ಅಂದಿದ್ರಲ್ರೀ ಮೆಸೇಜ್ನ್ಯಾಗ" ಅಂದ್ರು, ನನಗೆ ಏನು ಹೇಳ್ಬೇಕು ಗೊತ್ತಾಗಲಿಲ್ಲ, ಮಷೀನ್ ಅಂದಿದ್ದು ಅಕ್ಕ ಅಂದೆ, ನಕ್ಕರು. ಈಗ ತಿಂಗಳಿಗೆ ಆರು ಗಂಟೆ ಹೆಚ್ಚಿಗೆ ಕೆಲಸ ಅವರಿಗೆ, ಅದಕ್ಕೆ ಬೇರೆ ದುಡ್ಡು ಕೊಡ್ತೀವಿ. ಅವರು ಇಷ್ಟ ಆಯ್ತು ಅಂದವರಿಗೆ ನಾನು ಹೊತ್ತುಗೊತ್ತಿಲ್ಲದೆ ಸಿಟ್ಟಾದ ಗ್ರಾಹಕನ ಥರ ಫೋನ್ ಮಾಡ್ತೀನಿ, ಓದಿ ಹೇಳೋರು ಅಲ್ಲಿ ಸಿಕ್ಕಿಬೀಳ್ತಾರೆ. ಗೂಗಲ್‌ನಂಥ ಗೂಗಲ್ಲೇ 2025ರಲ್ಲಿ ಒಂದು ರೌಂಡ್ ಆದ್ರೂ ಎದುರುಬದುರು ಕೂತು ಮಾಡ್ಬೇಕು ಅನ್ನೋ ಕಡೆಗೆ ವಾಪಸ್ ಬಂತು, ನಾವು ದಾವಣಗೆರೆಯವರು ಒಂದು ಫೋನ್ ಮಾಡಿದ್ರೆ ತಪ್ಪೇನಿಲ್ಲ. ಆರು ಜಾಗ ತುಂಬಿದೆ, ಆರರಲ್ಲಿ ನಾಲ್ಕು ಜನ 70ಕ್ಕಿಂತ ಕೆಳಗೆ ಇದ್ದವರು.

ರೇಟಿಂಗ್ ಐದಕ್ಕೆ ಎರಡೂವರೆ. ಆ ಅರ್ಧ, ರಾತ್ರಿ 11.50ಕ್ಕೆ ಪಿಸುಪಿಸು ಮಾತಾಡಿದವರಿಗೋಸ್ಕರ. ವರ್ಷದ ಪ್ಲಾನಿಗೆ ಶೇಕಡ ಇಪ್ಪತ್ತು ಡಿಸ್ಕೌಂಟ್ ಅಂತ ಆಸೆ ತೋರಿಸ್ತಾರೆ, ತಗೋಬೇಡಿ, ಎರಡು ತಿಂಗಳು ನೋಡಿ. ಮತ್ತೆ ತಗೊಂಡ ದಿನವೇ ಸೆಟ್ಟಿಂಗ್ಸ್ ಒಳಗೆ ಹೋಗಿ, ನೋಟಿಫಿಕೇಶನ್ ಅಂತ ಇರುತ್ತೆ ಅದರೊಳಗೆ, ಬೇರೆಲ್ಲೂ ಹುಡುಕ್ಬೇಡಿ ಸಿಗಲ್ಲ, ತಳದಲ್ಲಿ ಆಟೋ ರಿಜೆಕ್ಟ್ ಅಂತ ಒಂದು ಬಟನ್ ಇದೆ. ಅವರು ಕೊಡುವಾಗಲೇ ಆನ್ ಆಗಿರುತ್ತೆ. ಮೊದಲು ಅದನ್ನ ಆಫ್ ಮಾಡ್ಕೊಳ್ಳಿ.